ಮುಚ್ಚಳದ ಒಳಬದಿ

ಎ.ಸಿ. ಮೆಕ್ಯಾನಿಕ್ ಭೀಮಸೇನನ ಬಗ್ಗೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಯಾರನ್ನೇ ಕೇಳಿ, ಮೊದಲು ಅವನ ಗೀಚಾಟದ ಸುದ್ದಿ ಬರುತ್ತದೆ, ಕೆಲಸದ ಸುದ್ದಿ ಆಮೇಲೆ. ಎ.ಸಿ.ಯ ಹೊರಗಿನ ಪೆಟ್ಟಿಗೆಯನ್ನು ಬಿಚ್ಚಿ ರಿಪೇರಿ ಮುಗಿಸಿದ ಮೇಲೆ, ಮುಚ್ಚಳ ಕೂರಿಸುವ ಮುಂಚೆ, ಅದರ ಒಳಬದಿಗೆ ಕಪ್ಪು ಮಾರ್ಕರ್‌ನಿಂದ ಒಂದೆರಡು ಸಾಲು ಬರೆಯುವುದು ಅವನ ಪದ್ಧತಿ. ತಾರೀಖು, ಗ್ಯಾಸಿನ ಒತ್ತಡ ಎಷ್ಟಿತ್ತು, ತಾನು ಏನು ಮಾಡಿದೆ, ಕೊನೆಗೆ ‘ಭೀ’ ಎಂಬ ಒಂದಕ್ಷರ. ಎಲ್ಲವೂ ಕನ್ನಡದಲ್ಲಿ. ಅಂಕಿಗಳು ಕೂಡ ಕನ್ನಡದವೇ.

ಇದನ್ನು ಅವನಿಗೆ ಕಲಿಸಿದವರು ಹುಬ್ಬಳ್ಳಿಯ ಐ.ಟಿ.ಐ.ನ ಮೇಷ್ಟರು. ಗದಗಿನಿಂದ ದಿನಾ ರೈಲಿನಲ್ಲಿ ಬಂದು ಕಲಿಯುತ್ತಿದ್ದ ಹುಡುಗನಿಗೆ ಅವರು ಒಂದೇ ಬುದ್ಧಿ ಹೇಳಿದ್ದರು: “ಮಾಡಿದ್ದನ್ನ ಬರದಿಡೋ. ಮಷೀನಿಗೆ ನೆನಪಿರೂದಿಲ್ಲ, ನಿನಗೂ ಇರೂದಿಲ್ಲ.” ಮೇಷ್ಟರು ಹೇಳಿದ ಉಳಿದದ್ದನ್ನೆಲ್ಲ ಭೀಮಸೇನ ಮರೆತ. ಇದೊಂದು ಮಾತ್ರ ಕೈಗೆ ಅಂಟಿಕೊಂಡಿತು. ತೊಂಬತ್ತನೇ ಇಸವಿಯಲ್ಲಿ ಒಂದು ಸಿನಿಮಾ ಥಿಯೇಟರಿಗೆ ಎ.ಸಿ. ಕೂರಿಸಲು ಮೂರು ತಿಂಗಳ ಮಟ್ಟಿಗೆ ವಿಜಯವಾಡಕ್ಕೆ ಬಂದವನು ಅಲ್ಲೇ ಉಳಿದ. ಬಾಡಿಗೆಗಿದ್ದ ಮನೆಯ ಮಾಲೀಕರ ಮಗಳು ಕನಕಲಕ್ಷ್ಮಿಯನ್ನು ಮದುವೆಯಾದ. ಮಗಳು ಹಾರಿಕಾ ಹುಟ್ಟಿ, ಅಪ್ಪನ ಗದಗಿನ ಮಾತನ್ನು ಅರ್ಧ ಅರ್ಥಮಾಡಿಕೊಂಡು ಪೂರ್ತಿ ತೆಲುಗಿನಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು. ಭೀಮಸೇನನ ತೆಲುಗು ಚೆನ್ನಾಗಿಯೇ ಇತ್ತು, ಓದುಬರಹ ಮಾತ್ರ ಕನ್ನಡದಲ್ಲೇ ನಿಂತುಬಿಟ್ಟಿತ್ತು.

ತೆಲುಗರಿಗೆ ಕನ್ನಡದ ಅಕ್ಷರ ತಡವರಿಸುತ್ತಲಾದರೂ ಹಿಡಿತಕ್ಕೆ ಸಿಗುತ್ತದೆ ಎನ್ನುವುದು ನಿಜ. ಆದರೆ ಭೀಮಸೇನನ ಅಕ್ಷರ ಕನ್ನಡಿಗರಿಗೇ ಸಿಗುವಂಥದ್ದಲ್ಲ. ಜೊತೆಯ ಮೆಕ್ಯಾನಿಕ್‌ಗಳು ಅದನ್ನು ನೋಡಿ, ಈತ ಮಷೀನು ಕೆಡದಿರಲಿ ಎಂದು ಯಾವುದೋ ಮಂತ್ರ ಬರೆಯುತ್ತಾನೆ ಎಂದುಕೊಂಡಿದ್ದರು. ಅವನೂ ತಿದ್ದಲು ಹೋಗಲಿಲ್ಲ. ಮಂತ್ರವಾದಿ ಎನ್ನಿಸಿಕೊಳ್ಳುವುದು ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಮಂತ್ರದ ಮಾತು ಹಾಗಿರಲಿ, ಅವನಿಗೆ ನಿಜವಾಗಿ ಹೆಸರು ಬಂದದ್ದು ಆಸಿಡ್‌ನಿಂದ. ಹೊರಗಿನ ಪೆಟ್ಟಿಗೆಯಲ್ಲಿ ತಾಮ್ರದ ಕೊಳವೆಗಳ ಸುತ್ತ ಅಲ್ಯೂಮಿನಿಯಂನ ತೆಳು ರೆಕ್ಕೆಗಳು ಒತ್ತೊತ್ತಾಗಿರುತ್ತವೆ. ಅದನ್ನು ಕಾಯಿಲ್ ಎನ್ನುತ್ತಾರೆ. ಒಳಗಿನ ಸೆಕೆಯೆಲ್ಲ ಹೊರಗೆ ಹೋಗಬೇಕಾದದ್ದು ಅದರ ಮೂಲಕ. ವಿಜಯವಾಡದ ಬೇಸಿಗೆಯೆಂದರೆ ಗೊತ್ತಲ್ಲ, ರಸ್ತೆಯ ಧೂಳು ಜಿಡ್ಡಿನ ಜೊತೆ ಬೆರೆತು ರೆಕ್ಕೆಗಳ ನಡುವೆ ಕಂಬಳಿಯ ಹಾಗೆ ಕೂತುಬಿಡುತ್ತದೆ. ಬರೀ ನೀರಿಗೆ ಅದು ಜಗ್ಗುವುದಿಲ್ಲ. ಭೀಮಸೇನ ಬಕೆಟ್ಟಿನಲ್ಲಿ ಆಸಿಡ್ ಕಲಸಿ ಕಾಯಿಲಿಗೆ ಎರಚಿದರೆ ಬುಸ್ಸೆಂದು ನೊರೆ ಬಂದು, ಕೊಳೆಯೆಲ್ಲ ಕಪ್ಪಗೆ ಇಳಿದು, ಹಳೆಯ ಕಾಯಿಲು ಹೊಸದರಂತೆ ಹೊಳೆಯುತ್ತಿತ್ತು. ಮನೆಯವರು ಟೆರೇಸಿಗೆ ಬಂದು ನಿಂತು ನೋಡುತ್ತಿದ್ದರು. ಆ ಹೊಳಪನ್ನು ನೋಡುವಾಗ ಅವನ ಮುಖವೂ ಹೊಳೆಯುತ್ತಿತ್ತು ಎಂದು ಕನಕಲಕ್ಷ್ಮಿ ಛೇಡಿಸುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಸೂರ್ಯಪ್ರಕಾಶ ಎಂಬ ಗುತ್ತಿಗೆದಾರ ಅವನನ್ನು ವಿಶಾಖಪಟ್ಟಣಕ್ಕೆ ಕರೆದ. ಅಲ್ಲಿ ಬೀಚ್ ರಸ್ತೆಗೆ ಮುಖಮಾಡಿದ ಒಂದು ಖಾಸಗಿ ಆಸ್ಪತ್ರೆಯ ಎ.ಸಿ.ಗಳನ್ನೆಲ್ಲ ನೋಡಿಕೊಳ್ಳುವ ಗುತ್ತಿಗೆ ಸೂರ್ಯಪ್ರಕಾಶನಿಗೆ ಸಿಕ್ಕಿತ್ತು. ಭೀಮಸೇನನಿಗೆ ಮುಖ್ಯ ಮೆಕ್ಯಾನಿಕ್ ಎಂಬ ಹುದ್ದೆ, ಓಡಾಡಲು ವ್ಯಾನು. ಹದಿನಾಲ್ಕು ವರ್ಷ ಸೈಕಲ್ಲು, ಸ್ಕೂಟರುಗಳ ಮೇಲೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ತಿರುಗಿದವನಿಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಹೆಂಡತಿ, ಮಗಳನ್ನು ಕರೆದುಕೊಂಡು ರತ್ನಾಚಲ್ ರೈಲು ಹತ್ತಿದ. ಕನಕಲಕ್ಷ್ಮಿ ಹೊಸ ಮಂಗಳಗಿರಿ ಸೀರೆ ಉಟ್ಟಿದ್ದಳು. ಅಧಿಕಾರಿಯ ಹೆಂಡತಿಯಾಗಿ ಊರಿಗೆ ಕಾಲಿಡುವವಳು ಹಾಗೇ ಹೋಗಬೇಕೆಂದು ಅವಳ ತಾಯಿ ಕೋಟೇಶ್ವರಮ್ಮ ಉಡಿಸಿ ಕಳಿಸಿದ್ದಳು.

ಆಸ್ಪತ್ರೆಯಲ್ಲಿ ಆಗಲೇ ಒಬ್ಬ ಮೆಕ್ಯಾನಿಕ್ ಇದ್ದ. ಹೆಸರು ನಟರಾಜ, ವಯಸ್ಸು ಐವತ್ತನಾಲ್ಕು. ಬಂದರಿಗೆ ಬರುವ ಹಡಗುಗಳ ಶೀತಲ ಕೋಣೆಗಳನ್ನು ರಿಪೇರಿ ಮಾಡಿ ಪಳಗಿದವನು. ಮಾತು ಕಡಿಮೆ, ನಡಿಗೆ ನಿಧಾನ. ಹದಿನೈದು ದಿನಕ್ಕೊಮ್ಮೆ ಟೆರೇಸಿಗೆ ಹೋಗಿ ಎಲ್ಲ ಕಾಯಿಲ್‌ಗಳಿಗೆ ಪೈಪಿನಿಂದ ಸಿಹಿನೀರು ಬಿಡುತ್ತಿದ್ದ. ಅದಕ್ಕೆ ಮುಂಚೆ ಒಂದು ವಿಚಿತ್ರ ಮಾಡುತ್ತಿದ್ದ. ರೆಕ್ಕೆಗಳ ಮೇಲೆ ಬೆರಳಾಡಿಸಿ ಆ ಬೆರಳನ್ನು ನಾಲಿಗೆಗೆ ಇಡುತ್ತಿದ್ದ. ಸಮುದ್ರದ ಗಾಳಿ ತಂದ ಉಪ್ಪು ಹತ್ತಿದರೆ ನೀರು. ತೊಳೆದ ಮೇಲೆ ಇನ್ನೊಮ್ಮೆ ನೆಕ್ಕುವುದು. ಇನ್ನೂ ಉಪ್ಪಿದ್ದರೆ ಇನ್ನೊಮ್ಮೆ ನೀರು.

ಭೀಮಸೇನ ಮೊದಲ ವಾರದಲ್ಲೇ ಆಸಿಡ್ ಬಕೆಟ್ ಹೊತ್ತುಕೊಂಡು ಮೇಲೆ ಬಂದದ್ದನ್ನು ನೋಡಿ ನಟರಾಜ ಹತ್ತಿರ ಬಂದು ನಿಂತ.

“ಇಲ್ಲಿಗೆ ನೀರು ಸಾಕು, ಭೀಮಸೇನ ಗಾರು,” ಎಂದ ತೆಲುಗಿನಲ್ಲಿ. “ಈ ತಗಡನ್ನು ಸಮುದ್ರ ಆಗಲೇ ತಿಂದಿದೆ. ನೀವು ಇನ್ನಷ್ಟು ತಿನ್ನಿಸಬೇಡಿ.”

ಭೀಮಸೇನ ತಲೆಯಾಡಿಸಿದ. ನಟರಾಜ ಕೆಳಗಿಳಿದ ಮೇಲೆ ಆಸಿಡ್ ಎರಚಿದ. ಆವತ್ತು ಮನೆಗೆ ಬಂದು, ಉಪ್ಪಿನಕಾಯಿಯ ರುಚಿ ನೋಡುವವರ ಹಾಗೆ ಬೆರಳು ನೆಕ್ಕಿ ನಟರಾಜನ ಅಣಕು ಮಾಡಿ ಹೆಂಡತಿ, ಮಗಳನ್ನು ನಗಿಸಿದ. ಆಸಿಡ್ ಕಲಸುವ ಕಷ್ಟ ಬೇಡವೆಂದು ನೀರಿನ ನೆಪ ಹೇಳುವ ಸೋಮಾರಿ ಎಂಬುದು ಅವನ ತೀರ್ಮಾನ. ಹೊಳೆಯುವ ಕಾಯಿಲ್‌ಗಳನ್ನು ನೋಡಿ ಸೂರ್ಯಪ್ರಕಾಶ ಬೆನ್ನು ತಟ್ಟಿದ ಮೇಲಂತೂ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಆಪರೇಷನ್ ಥಿಯೇಟರಿನ ದೊಡ್ಡ ಎ.ಸಿ.ಗೆ ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಇನ್ನೊಮ್ಮೆ ಆಸಿಡ್ ಸ್ನಾನವಾಯಿತು. ಎರಡನ್ನೂ ಮುಚ್ಚಳದ ಒಳಗೆ ಬರೆದಿಟ್ಟ.

ಮೇ ತಿಂಗಳ ಎರಡನೆಯ ವಾರ ಆ ಎ.ಸಿ. ನಿಂತಿತು. ಅರ್ಧ ದಿನದಲ್ಲಿ ಗ್ಯಾಸೆಲ್ಲ ಖಾಲಿ. ಥಿಯೇಟರ್ ಸೆಕೆಗೆ ಬೇಯತೊಡಗಿ, ಆವತ್ತಿನ ಎರಡು ಆಪರೇಷನ್‌ಗಳಿಗೆ ರೋಗಿಗಳನ್ನು ಆಂಬುಲೆನ್ಸಿನಲ್ಲಿ ಬೇರೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆಸ್ಪತ್ರೆಯ ಮರ್ಯಾದೆ ಹೋಯಿತೆಂದು ಆಡಳಿತದ ಡಾಕ್ಟರು ಕೆಂಡವಾದರು. ಭೀಮಸೇನ ಟೆರೇಸಿಗೆ ಓಡಿ, ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳೆ ಬರುತ್ತದೆಂದು ಹುಡುಕಿದ. ಕೆಳಗಿನ ಮೂಲೆಯಲ್ಲಿ, ಫ್ಯಾನ್ ಮೋಟಾರಿನ ಪಕ್ಕದಲ್ಲಿ, ಕೊಳವೆಯಿಂದ ಗುಳ್ಳೆ ಎದ್ದಿತು. ಅಲ್ಲಿನ ರೆಕ್ಕೆಗಳನ್ನು ಬೆರಳಿನಿಂದ ಸರಿಸಿದ. ಅವು ಬಾಗಲಿಲ್ಲ. ಹಪ್ಪಳದ ಹಾಗೆ ಪುಡಿಯಾಗಿ ಅಂಗೈಗೆ ಉದುರಿದವು.

ಆ ಕ್ಷಣಕ್ಕೇ ಅವನಿಗೆ ಎಲ್ಲವೂ ತಿಳಿಯಿತು. ಸಮುದ್ರದ ಉಪ್ಪು ತಿಂದು ಸವೆಸಿದ್ದ ರೆಕ್ಕೆ, ಕೊಳವೆಗಳನ್ನು ಆಸಿಡ್ ಮುಗಿಸಿತ್ತು. ನಟರಾಜ ಹೇಳಿದ ಮಾತು ಅಕ್ಷರಕ್ಕೆ ಅಕ್ಷರ ಅಂಗೈಯಲ್ಲಿತ್ತು. ಭೀಮಸೇನನಿಗೆ ಹೆದರಿಕೆಯಾಯಿತು, ಜೊತೆಗೆ ನಾಚಿಕೆಯೂ ಆಯಿತು. ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಳಗಿಳಿದು, ಕಾಯಿಲ್ ಸೋರುತ್ತಿದೆ, ಹೊಸದು ತರಿಸಬೇಕು ಎಂದಷ್ಟೇ ಹೇಳಿದ.

ಯಾಕೆ ಸೋರಿತು ಎಂದು ಡಾಕ್ಟರು ಕೇಳಿದಾಗ ಅವನಿಗೂ ಮುಂಚೆ ಆಸ್ಪತ್ರೆಯ ರಿಜಿಸ್ಟರು ಉತ್ತರ ಕೊಟ್ಟಿತು. ಆ ಪೆಟ್ಟಿಗೆಯನ್ನು ಕಡೆಯ ಸಲ ಬಿಚ್ಚಿದವನು ನಟರಾಜ. ಹದಿನೈದು ದಿನದ ಹಿಂದೆ ಫ್ಯಾನ್ ಮೋಟಾರ್ ಬದಲಾಯಿಸಿದ್ದ. ಸೋರಿದ್ದೂ ಅದೇ ಜಾಗದಲ್ಲಿ. ಸ್ಪ್ಯಾನರ್ ತಗಲಿ ಕೊಳವೆಗೆ ಪೆಟ್ಟಾಗಿದೆ ಎಂದು ಸೂರ್ಯಪ್ರಕಾಶ ಲೆಕ್ಕ ಹಾಕಿದ. ತಗಲಿಲ್ಲ ಎಂದು ನಟರಾಜ ಒಂದೇ ಸಲ ಹೇಳಿದ, ಮತ್ತೆ ಹೇಳಲಿಲ್ಲ. ಭೀಮಸೇನ ಪಕ್ಕದಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ. ಮುಂದಿನ ವಾರದ ಶನಿವಾರಕ್ಕೆ ನಟರಾಜ ಕೆಲಸ ಬಿಡಬೇಕೆಂದು ತೀರ್ಮಾನವಾಯಿತು. ಥಿಯೇಟರಿನ ಎ.ಸಿ. ಒಡೆದವನು ಎಂಬ ಹೆಸರು ಹೊತ್ತ ಮುದುಕನನ್ನು ಆ ಊರಿನ ಯಾವ ಆಸ್ಪತ್ರೆಯೂ ಟೆರೇಸ್ ಹತ್ತಿಸುವುದಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಭೀಮಸೇನ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸ್ಪ್ಯಾನರೂ ತಗಲಿರಬಹುದಲ್ಲ, ಯಾರು ಕಂಡವರು? ಈ ಸಮಾಧಾನ ಭಾನುವಾರ ಮಧ್ಯಾಹ್ನದವರೆಗೆ ಬಾಳಿತು.

ಆ ಆಸ್ಪತ್ರೆಯಲ್ಲಿ ಗುರುದತ್ ಎಂಬ ಮೈಸೂರಿನ ಹುಡುಗ ಇಂಜಿನಿಯರಾಗಿದ್ದ, ಒಂದು ವರ್ಷದ ಮಟ್ಟಿಗೆ ಬಂದವನು. ಇಡೀ ಕಟ್ಟಡದಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ಮೈಸೂರಿನ ಕನ್ನಡಕ್ಕೂ ಗದಗಿನ ಕನ್ನಡಕ್ಕೂ ನಡುವೆ ಎಷ್ಟೇ ದೂರವಿದ್ದರೂ ಸಮುದ್ರದ ದಂಡೆಯಲ್ಲಿ ಅವು ಒಂದೇ ಮನೆಯ ಮಾತಾಗಿದ್ದವು. ಭಾನುವಾರ ಅವನ ಊಟ ಭೀಮಸೇನನ ಮನೆಯಲ್ಲೇ. ಕನಕಲಕ್ಷ್ಮಿ ಗಂಡನಿಗಾಗಿ ಕಲಿತ ಜೋಳದ ರೊಟ್ಟಿಯನ್ನು ಅವನಿಗೂ ಬಡಿದು ಹಾಕುತ್ತಿದ್ದಳು. ಆ ಭಾನುವಾರ ರೊಟ್ಟಿಯ ಪಕ್ಕದಲ್ಲಿ ಹೊಸ ಮಾವಿನ ಆವಕಾಯಿ ಉಪ್ಪಿನಕಾಯಿ ಇತ್ತು. ನಟರಾಜನ ಹೆಂಡತಿ ಸೂರ್ಯಕಾಂತಮ್ಮ, ಎ.ಸಿ. ಕೆಡುವುದಕ್ಕೆ ಮುಂಚಿನ ವಾರ, ಒಂದು ಜಾಡಿ ತುಂಬ ಕಳಿಸಿದ್ದಳು.

ಗುರುದತ್ ಊಟ ಮುಗಿಸಿ ಕೈ ತೊಳೆದುಕೊಂಡು ಬಂದು, ಹಾರಿಕಾ ಆಟಕ್ಕೆ ಹೊರಗೆ ಹೋಗುವವರೆಗೆ ಕಾದ. ಹೊಸ ಕಾಯಿಲ್ ತರಿಸಲು ಮಷೀನಿನ ನಂಬರ್ ಬೇಕಾಗಿ, ಹಿಂದಿನ ದಿನ ತಾನು ಮುಚ್ಚಳ ಬಿಚ್ಚಿ ನೋಡಿದೆ ಎಂದ.

“ಒಳಗೆ ಬರ್ದಿರೋದು ನೀವೇ ಅಲ್ವಾ, ಭೀಮಣ್ಣ? ಓದೋಕೆ ಕಾಲು ಗಂಟೆ ಬೇಕಾಯ್ತು. ಜನವರೀಲಿ ಆಸಿಡ್ ಹಾಕಿ ತೊಳೆದೆ ಅಂತಿದೆ.”

“ಹೌದ್ರೀ ಸರ.”

“ರೆಕ್ಕೆ ಎಲ್ಲಾ ಪುಡಿಯಾಗಿರೋದನ್ನೂ ನೋಡ್ದೆ.” ಗುರುದತ್ ದನಿ ತಗ್ಗಿಸಿದ. “ಈ ಊರಲ್ಲಿ ಆ ಬರಹ ಓದೋರು ನಾವಿಬ್ರೇ. ನಾನು ಓದಿಲ್ಲ ಅಂತಲೇ ಇಟ್ಕೊಳ್ಳಿ. ಹೊಸ ಕಾಯಿಲ್ ಬರೋದ್ರೊಳಗೆ ಮುಚ್ಚಳದ ಒಳಗೆ ಒಂದು ಕೋಟ್ ಬಣ್ಣ ಹೊಡೆದ್ಬಿಡಿ.”

ಹುಡುಗ ಕೆಟ್ಟವನಲ್ಲ. ತಿಂಗಳುಗಟ್ಟಲೆ ತಿಂದ ರೊಟ್ಟಿಯ ಋಣಕ್ಕೆ, ತನ್ನ ಭಾಷೆಯ ಒಬ್ಬನನ್ನು ಉಳಿಸಿಕೊಳ್ಳುವ ಆಸೆಗೆ ಹಾಗೆ ಹೇಳಿದ. ಭೀಮಸೇನನಿಗೆ ಅವನ ಮೇಲೆ ಪ್ರೀತಿ ಉಕ್ಕಿತು. ತನ್ನ ಮೇಲೆ ಅಷ್ಟೇ ಹೇಸಿಕೆಯಾಯಿತು.

ಕನಕಲಕ್ಷ್ಮಿ ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹನ್ನೆರಡು ವರ್ಷ ಸಂಸಾರ ಮಾಡಿದವಳಿಗೆ ಕನ್ನಡದಲ್ಲಿ ಗುಟ್ಟು ಹೇಳಿದರೆ ತಿಳಿಯದೇ? ಹುಡುಗ ಹೋದ ಮೇಲೆ ತಟ್ಟೆಗಳನ್ನು ಎತ್ತಿದಳು. ಆವಕಾಯಿಯನ್ನು ಬೇರೆ ಡಬ್ಬಿಗೆ ತೆಗೆದು, ಸೂರ್ಯಕಾಂತಮ್ಮನ ಜಾಡಿಯನ್ನು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದಳು. ಜಾಡಿ ವಾಪಸು ಕೊಡಬೇಕು, ಬರಿದಾಗಿ ಕೊಡುವ ಹಾಗಿಲ್ಲ, ಆ ಮನೆಗೆ ಏನು ತುಂಬಿಸಿಕೊಂಡು ಹೋಗಬೇಕೋ ನೀವೇ ಹೇಳಿ ಎಂದಳು. ಜಾಡಿ ವಾರವೆಲ್ಲ ಕಿಟಕಿಯಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಅವನು ಬೂದು ಬಣ್ಣದ ಸಣ್ಣ ಡಬ್ಬಿ, ಒಂದು ಬ್ರಷ್ ಹಿಡಿದುಕೊಂಡು ಟೆರೇಸಿಗೆ ಹೋದ. ಬಣ್ಣ ಹೊಡೆಯಲೆಂದೇ ಹೋದ, ಅದರಲ್ಲಿ ಸಂಶಯವಿಲ್ಲ. ಅವನನ್ನು ಇದ್ದದ್ದಕ್ಕಿಂತ ದೊಡ್ಡವನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಸ್ಕ್ರೂಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ, ಮುಚ್ಚಳವನ್ನು ತೊಡೆಯ ಮೇಲೆ ಬೋರಲು ಇಟ್ಟುಕೊಂಡ, ಬ್ರಷ್ ಅದ್ದಿದ. ಒಳಗೆ ಒಂಬತ್ತು ಸಾಲುಗಳಿದ್ದವು. ಅಳಿಸಬೇಕಾದವು ಎರಡೇ. ಎರಡನ್ನು ಅಳಿಸಿ ಏಳನ್ನು ಉಳಿಸಿದರೆ ಆ ಏಳು ಏನಾಗುತ್ತವೆ? ಕಾಯಿಲಿನ ಮುಂದೆ ಕೂತು ಅವನು ಇದನ್ನೇ ಯೋಚಿಸಿದ. ವಿಜಯವಾಡದ ನೂರಾರು ಟೆರೇಸುಗಳಲ್ಲಿ, ತೆರೆದರೆ ತನ್ನ ಕೈಬರಹವಿರುವ ಮುಚ್ಚಳಗಳಿದ್ದವು. ಬೇರೆಯವರು ಅದನ್ನು ಮಂತ್ರ ಎಂದುಕೊಂಡಿದ್ದರೂ, ಅಲ್ಲಿ ಸುಳ್ಳಿಲ್ಲ ಎಂಬುದು ಅವನಿಗೊಬ್ಬನಿಗೆ ಗೊತ್ತಿತ್ತು. ಅವನ ಬಳಿ ಇದ್ದ ಆಸ್ತಿ ಅಷ್ಟೇ. ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿ ಪ್ಯಾಂಟಿನ ಮೇಲೆ ಬಿತ್ತು. ಅವನು ಡಬ್ಬಿ ಮುಚ್ಚಿ, ಮುಚ್ಚಳವನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗೆ ಹೊರಟ.

ಆಫೀಸಿನಲ್ಲಿ ನಟರಾಜ ತನ್ನ ಬಳಿಯಿದ್ದ ಆಸ್ಪತ್ರೆಯ ಸಾಮಾನುಗಳನ್ನು ಒಪ್ಪಿಸುತ್ತಿದ್ದ. ಡಾಕ್ಟರು, ಸೂರ್ಯಪ್ರಕಾಶ, ಗುರುದತ್ ಮೂವರೂ ಇದ್ದರು. ಭೀಮಸೇನ ಮೂರಡಿಯ ತಗಡನ್ನು ತಂದು ಕಾಗದಪತ್ರಗಳ ಮೇಲೆಯೇ ಮಲಗಿಸಿದ. ಮೊದಲು ಕನ್ನಡದಲ್ಲಿ ಗುರುದತ್‌ಗೆ ಹೇಳಿದ.

“ಓದ್ರಿ ಸರ. ಇವರಿಗೆ ತಿಳಿಯೂ ಹಂಗ ಓದ್ರಿ.”

“ಬೇಡ ಭೀಮಣ್ಣ.”

“ನಾ ಓದಿದ್ರ ನಟರಾಜನ್ನ ಉಳಸಾಕ ಕಟ್ಟಿದ ಮಾತು ಅಂತಾರ. ನೀವು ಓದ್ರಿ.”

ಗುರುದತ್ ಓದಿದ. ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಓದಿದ. ಆಸಿಡ್‌ನ ಸಾಲು ಬಂದಾಗ ದನಿ ಸಣ್ಣದಾಯಿತು, ಆದರೂ ನಿಲ್ಲಿಸಲಿಲ್ಲ. ಭೀಮಸೇನ ಉಳಿದದ್ದನ್ನು ತೆಲುಗಿನಲ್ಲಿ ಹೇಳಿದ. ರೆಕ್ಕೆಗಳು ಕೈಯಲ್ಲಿ ಪುಡಿಯಾದದ್ದು, ನಟರಾಜ ಮೊದಲೇ ಎಚ್ಚರಿಸಿದ್ದು, ತಾನು ಕೇಳದೇ ಹೋದದ್ದು, ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದು. ಸೂರ್ಯಪ್ರಕಾಶ ತಲೆ ತಗ್ಗಿಸಿ ಕೂತ. ಆ ಹೊಳಪಿಗೆ ಬೆನ್ನು ತಟ್ಟಿದವನು ಅವನೇ ಅಲ್ಲವೇ.

ನಟರಾಜನ ಕೆಲಸ ಉಳಿಯಿತು. ಭೀಮಸೇನ ಇನ್ನು ಮೇಲೆ ಆ ಟೆರೇಸ್ ಹತ್ತಕೂಡದೆಂದು ಡಾಕ್ಟರು ಹೇಳಿದರು. ಅವರ ದೃಷ್ಟಿಯಿಂದ ಅದು ಸರಿಯೇ. ತಪ್ಪು ಮಾಡಿದ್ದಕ್ಕಿಂತ ಹೆಚ್ಚಾಗಿ, ಹತ್ತು ದಿನ ಸುಮ್ಮನಿದ್ದದ್ದು ಅವರಿಗೆ ಸೇರಲಿಲ್ಲ.

ಮುಚ್ಚಳವನ್ನು ಮತ್ತೆ ಕೂರಿಸಬೇಕಿತ್ತು. ನಟರಾಜ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಸ್ಕ್ರೂಗಳು ಭೀಮಸೇನನ ಜೇಬಿನಲ್ಲಿದ್ದವು, ಹಾಗಾಗಿ ಅವನೂ ಕೊನೆಯ ಸಲ ಹಿಂದೆಯೇ ಹೋದ. ನಟರಾಜ ಮುಚ್ಚಳ ಹಿಡಿದು, ಒಂದೊಂದೇ ಸ್ಕ್ರೂಗೆ ಕೈ ಚಾಚುತ್ತ ಕೇಳಿದ.

“ನಾನು ಹೇಳಿದ್ದೆನಲ್ಲ?”

“ಹೇಳಿದ್ದಿರಿ.”

“ಮತ್ತೆ?”

“ನೀವು ಸೋಮಾರಿ ಅಂದುಕೊಂಡಿದ್ದೆ.”

ನಟರಾಜ ಕೊನೆಯ ಸ್ಕ್ರೂ ತಿರುಗಿಸಿ ಬಿಗಿ ಮಾಡಿದ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಕೈ ಒರೆಸಿಕೊಂಡು ಹೊರಟುಹೋದ. ಬೈದಿದ್ದರೆ ಒಳ್ಳೆಯದಿತ್ತು ಎಂದು ಭೀಮಸೇನನಿಗೆ ಬಹಳ ದಿನ ಅನ್ನಿಸುತ್ತಿತ್ತು. ಮರುದಿನ ಕನಕಲಕ್ಷ್ಮಿ ಜಾಡಿಯ ತುಂಬ ಅನಕಾಪಲ್ಲಿ ಬೆಲ್ಲ ತುಂಬಿ ಸೂರ್ಯಕಾಂತಮ್ಮನಿಗೆ ಕೊಟ್ಟುಬಂದಳು. ಜೂನಿನಲ್ಲಿ ಮೂವರೂ ಬಂದ ರೈಲಿನಲ್ಲೇ ವಾಪಸು ವಿಜಯವಾಡಕ್ಕೆ ಹೋದರು. ಮತ್ತೆ ಸ್ಕೂಟರು, ಮತ್ತೆ ಸಿಲಿಂಡರು, ಏಲೂರು ರಸ್ತೆಯ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಅಂಗಡಿ. ಅಲ್ಲಿನ ಧೂಳಿಗೆ ಅವನ ಆಸಿಡ್ ಮೊದಲಿನಂತೆಯೇ ಒಗ್ಗಿತು. ಒಂದು ಮಾತ್ರ ಬದಲಾಯಿತು. ಸಂಜೆ ಹಾರಿಕಾಳ ಹತ್ತಿರ ಸ್ಲೇಟು ಹಿಡಿದು ಕೂತು ತೆಲುಗು ಬರೆಯುವುದನ್ನು ಕಲಿತ. ತಪ್ಪು ಬರೆದಾಗ ಅವಳು ಮೇಷ್ಟರಂತೆ ಗದರುತ್ತಿದ್ದಳು. ಅಂದಿನಿಂದ ಮುಚ್ಚಳಗಳ ಒಳಗಿನ ಸಾಲುಗಳು ಯಾರು ಬೇಕಾದರೂ ಓದುವ ಹಾಗೆ ದೊಡ್ಡ ತೆಲುಗು ಅಕ್ಷರಗಳಲ್ಲಿರುತ್ತಿದ್ದವು. ಅವನ ಮಂತ್ರದ ಖ್ಯಾತಿ ಅಲ್ಲಿಗೆ ಮುಗಿಯಿತು.

ಎರಡು ಸಾವಿರದ ಒಂಬತ್ತರಲ್ಲಿ ಕನಕಲಕ್ಷ್ಮಿಯ ಕಡೆಯ ಒಂದು ಮದುವೆಗೆ ವಿಶಾಖಪಟ್ಟಣಕ್ಕೆ ಹೋಗಬೇಕಾಯಿತು. ಮುಹೂರ್ತ ಮುಗಿದ ಮೇಲೆ ಭೀಮಸೇನ ಊಟಕ್ಕೂ ನಿಲ್ಲದೆ ಬೀಚ್ ರಸ್ತೆಯ ಆಸ್ಪತ್ರೆಗೆ ನಡೆದ. ನಟರಾಜ ಊರಲ್ಲಿರಲಿಲ್ಲ, ಅನಕಾಪಲ್ಲಿಯಲ್ಲಿ ಮಗಳ ಮನೆಗೆ ಹೋಗಿದ್ದ. ಡಾಕ್ಟರು ಬೇರೆಯವರು ಬಂದಿದ್ದರು, ಗುರುದತ್ ಯಾವತ್ತೋ ಮೈಸೂರಿಗೆ ಮರಳಿದ್ದ. ಹಳೆಯ ಕಾವಲುಗಾರ ಗುರುತು ಹಿಡಿದು, ಐದು ನಿಮಿಷ ಎಂದು ಟೆರೇಸಿಗೆ ಬಿಟ್ಟ. ನಾಲ್ಕು ವರ್ಷದ ಹಿಂದೆ ಹಾಕಿದ ಕಾಯಿಲು ಹಾಗೇ ಇತ್ತು. ಹೊಳಪಿಲ್ಲ, ಆದರೆ ಒಂದು ರೆಕ್ಕೆಯೂ ಉದುರಿರಲಿಲ್ಲ.

ಕಾವಲುಗಾರನ ಹತ್ತಿರ ಸ್ಕ್ರೂಡ್ರೈವರ್ ಕೇಳಿ ಇಸಿದುಕೊಂಡು ಮುಚ್ಚಳ ಬಿಚ್ಚಿದ. ಅವನ ಒಂಬತ್ತು ಸಾಲುಗಳು ಹಾಗೆಯೇ ಇದ್ದವು, ಆಸಿಡ್‌ನವೂ ಇದ್ದವು. ಅವುಗಳ ಕೆಳಗೆ, ತಗಡಿನ ಅಂಚಿನವರೆಗೆ, ಬೇರೊಂದು ಕೈಯ ತೆಲುಗು ಬರಹ. ಭೀಮಸೇನ ಬೆರಳಿಟ್ಟು ನಿಧಾನವಾಗಿ ಓದಿದ. ಒಂದು ತಾರೀಖು, ನೀರು, ನಟರಾಜ. ಹದಿನೈದು ದಿನ ಬಿಟ್ಟು ಇನ್ನೊಂದು ತಾರೀಖು, ನೀರು, ನಟರಾಜ. ಜಾಗ ಸಾಲದೆ ಅಕ್ಷರಗಳು ಸಣ್ಣದಾಗುತ್ತ ಹೋಗಿದ್ದವು. ಕಡೆಯ ಸಾಲು ಹಿಂದಿನ ವಾರದ್ದು. ಭೀಮಸೇನನ ಕಣ್ಣು ತುಂಬಿತು.

ಕಾವಲುಗಾರ ಹೊತ್ತಾಯಿತೆಂದು ಕೂಗಿದ. ಮುಚ್ಚಳ ಹಾಕುವ ಮುಂಚೆ ಭೀಮಸೇನ ಕಾಯಿಲಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ನಾಲಿಗೆಗೆ ಇಟ್ಟು ನೋಡಿದ. ಉಪ್ಪಿರಲಿಲ್ಲ.